ಇಟೌಮಾ ಮುಂದಿನ ಟೈಸನ್ನೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಸಂಜೆ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುವವನು ಎಂಬುದು ಗೊತ್ತಿರುವವರೆಲ್ಲ 2025ರ ಆಗಸ್ಟ್ ತಿಂಗಳಿನಿಂದ ಕೇಳುತ್ತಿರುವುದು ಒಂದೇ ಪ್ರಶ್ನೆ: ‘ಮೋಸೆಸ್ ಇಟೌಮಾ ಮುಂದಿನ ಮೈಕ್ ಟೈಸನ್ ಹೌದೋ ಅಲ್ಲವೋ?’ ಹೆಸರು ಕೇಳದವರಿಗಾಗಿ ಎರಡು ಮಾತು. ಸ್ಲೊವಾಕಿಯಾದ ಕೆಜ್ಮಾರೊಕ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ಕೆಂಟ್ ಪ್ರದೇಶದ ಚ್ಯಾಟಮ್‌ನಲ್ಲಿ ಬೆಳೆದ ಈ ಹೆವಿವೇಟ್ (ಅತಿ ಭಾರದ ವಿಭಾಗದ) ಬಾಕ್ಸರ್‌ಗೆ ಆಗಿನ್ನೂ 20 ವರ್ಷ. ಆಗಸ್ಟ್ 16ರಂದು ರಿಯಾದ್‌ನಲ್ಲಿ ಬ್ರಿಟನ್ನಿನ ಅನುಭವಿ ಹೆವಿವೇಟ್ ಡಿಲಿಯನ್ ವೈಟ್‌ನ ಕಥೆಯನ್ನು 119 ಸೆಕೆಂಡುಗಳಲ್ಲಿ ಮುಗಿಸಿದ. ಆ ರಾತ್ರಿಯವರೆಗೆ 13 ಪಂದ್ಯ, 13 ಗೆಲುವು, ಅದರಲ್ಲಿ 11 ನಾಕೌಟ್.

ಗಣಪತಿ ಹಬ್ಬಕ್ಕೆ ದಾವಣಗೆರೆಯ ಅಕ್ಕನ ಮನೆಗೆ ಹೋಗಿದ್ದೆ. ಎಲೆಗೆ ಕಡುಬು ಬಿದ್ದು, ಅದರ ಮೇಲೆ ಬಿಸಿ ತುಪ್ಪ ಸುರಿಯುತ್ತಿದ್ದ ಹೊತ್ತಿಗೆ ಅಕ್ಕನ ಮಗ ಮೊಬೈಲನ್ನು ನನ್ನ ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದ. ಅದೇ 119 ಸೆಕೆಂಡುಗಳು. ವೈಟ್ ಬಿದ್ದ, ಎದ್ದ, ಎದ್ದರೂ ಕಾಲುಗಳು ಅವನ ಮಾತು ಕೇಳಲಿಲ್ಲ, ರೆಫ್ರಿ ಪಂದ್ಯ ನಿಲ್ಲಿಸಿದ. ‘ಮಾಮ, ಉದ್ದ ಭಾಷಣ ಬೇಡ. ಹೌದು ಅಥವಾ ಅಲ್ಲ, ಒಂದೇ ಮಾತಲ್ಲಿ ಹೇಳು’ ಎಂದ. ‘ಅವನನ್ನು ಊಟ ಮಾಡಲಿಕ್ಕಾದರೂ ಬಿಡೋ’ ಎಂದು ಅಕ್ಕ ಗದರಿದಳು. ಅಂದು ಅವನಿಗೆ ಸಿಡುಕಿನಿಂದ ಏನೋ ಹೇಳಿ ಬಾಯಿ ಮುಚ್ಚಿಸಿದೆ. ಹದಿನಾರು ವರ್ಷದ ಹುಡುಗನ ಮೇಲೆ ಹಾಗೆ ರೇಗಬಾರದಿತ್ತು. ಆದರೆ ಅವನ ಪ್ರಶ್ನೆಯ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಯಾಕೆಂದರೆ ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಲು ಜಾಗವೇ ಇಲ್ಲ. ‘ಸ್ವಲ್ಪ ಕಾಯೋಣ’ ಎಂದರೆ ನನಗೆ ಹೊಟ್ಟೆಕಿಚ್ಚು, ಹಳೇ ಕಾಲದವನ ಹಟ. ‘ಹುಡುಗ ಅಪರೂಪದವನು’ ಎಂದರೆ ‘ನೋಡಿದಿರಾ, ಇವರೇ ಟೈಸನ್ ಎಂದು ಒಪ್ಪಿದರು’ ಎಂದು ಊರೆಲ್ಲ ಸುದ್ದಿ. ಅದೂ ಅಲ್ಲದೆ ಹೋಲಿಕೆಯೇ ಸರಿಯಾಗಿಲ್ಲ. ಟೈಸನ್ ಹೆವಿವೇಟ್‌ಗಳ ನಡುವೆ ಗಿಡ್ಡ. ತಲೆ ತಗ್ಗಿಸಿ, ಅತ್ತಿತ್ತ ತೂಗುತ್ತಾ ಎದುರಾಳಿಯ ಎದೆಯೊಳಗೇ ನುಗ್ಗಿ ಗುದ್ದುತ್ತಿದ್ದವನು. ಇಟೌಮಾ ಆರಡಿ ಮೀರಿದ ಆಳು, ಎಡಗೈಯನ್ನು ಹಿಂದಿಟ್ಟು ಬಲಗೈಯಿಂದ ಅಂತರ ಅಳೆಯುವವನು. ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟಿರುವುದು ವಯಸ್ಸು ಮತ್ತು ಬೇಗ ಮುಗಿಯುವ ಪಂದ್ಯಗಳು, ಅಷ್ಟೆ.

ಆ ವಯಸ್ಸಿನ ಲೆಕ್ಕವನ್ನೇ ಹಿಡಿದು ನೋಡಿ. 1985ರ ಮಾರ್ಚ್‌ನಲ್ಲಿ ವೃತ್ತಿ ಬಾಕ್ಸಿಂಗ್‌ಗೆ ಇಳಿದ ಟೈಸನ್ ಆ ಒಂದೇ ವರ್ಷ 15 ಪಂದ್ಯ ಆಡಿದ. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್‌ನನ್ನು ಎರಡನೇ ಸುತ್ತಿನಲ್ಲಿ ಕೆಡವಿ, 20 ವರ್ಷ 4 ತಿಂಗಳ ವಯಸ್ಸಿಗೆ ಚಾಂಪಿಯನ್ ಆದದ್ದು ಅವನ 28ನೇ ಪಂದ್ಯ. ಇಟೌಮಾ ವೈಟ್ ಪಂದ್ಯದವರೆಗಿನ 31 ತಿಂಗಳಲ್ಲಿ ಆಡಿದ್ದು 13. ಟೈಸನ್‌ನ ‘ಅತಿ ಕಿರಿಯ ಹೆವಿವೇಟ್ ಚಾಂಪಿಯನ್’ ದಾಖಲೆ ಮುರಿಯುವ ಗಡುವು ಅವನಿಗೆ 2025ರ ಮೇ ತಿಂಗಳಲ್ಲೇ ಮೀರಿಹೋಯಿತು. ಅದು ಅವನ ತಪ್ಪಲ್ಲ, ಈಗಿನ ಬಾಕ್ಸಿಂಗ್‌ನಲ್ಲಿ ಯಾರೂ ತಿಂಗಳಿಗೊಂದು ಪಂದ್ಯ ಆಡುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಚಾಂಪಿಯನ್ ಆಗುವ ಆರು ತಿಂಗಳ ಮೊದಲು, 1986ರ ಮೇ ತಿಂಗಳಲ್ಲಿ, ಟೈಸನ್ ಎದುರು ಜೇಮ್ಸ್ ಟಿಲ್ಲಿಸ್ ಹತ್ತು ಸುತ್ತು ಪೂರ್ತಿ ನಿಂತ. ಅದೇ ತಿಂಗಳು ಮಿಚ್ ಗ್ರೀನ್ ಕೂಡ ಹತ್ತು ಸುತ್ತು ನಿಂತ. ನೆಲಕ್ಕೆ ಬೀಳಲೊಲ್ಲದ ಮನುಷ್ಯನ ಎದುರು ಏನು ಮಾಡಬೇಕೆಂಬುದನ್ನು ಟೈಸನ್ ಆ ಇಬ್ಬರಿಂದ ಕಲಿತ. ಈ ಎರಡು ರಾತ್ರಿಗಳ ವಿಡಿಯೊವನ್ನು ಯಾರೂ ನೀರಿನ ಲೋಟಕ್ಕೆ ಒರಗಿಸಿ ತೋರಿಸುವುದಿಲ್ಲ.

ಇಟೌಮಾ ಸುತ್ತಲಿನ ಅಬ್ಬರವನ್ನು ಅಳೆಯಬೇಕೆಂದರೆ ನಾನು ಟೈಸನ್ ಬದಲು ಅಮೆರಿಕದ ಹೆವಿವೇಟ್ ಜೆರ‍್ರಿ ಕೂನಿಯನ್ನು ನೆನೆಯುತ್ತೇನೆ. 1981ರ ಮೇ ತಿಂಗಳಲ್ಲಿ 24ರ ಹರೆಯದ ಕೂನಿ, ಹಿಂದೊಮ್ಮೆ ಮುಹಮ್ಮದ್ ಅಲಿಯನ್ನೇ ಸೋಲಿಸಿದ್ದ ಕೆನ್ ನಾರ್ಟನ್‌ನನ್ನು 54 ಸೆಕೆಂಡುಗಳಲ್ಲಿ ಮುಗಿಸಿದ. ನಾರ್ಟನ್‌ಗೆ ಆಗ 37 ವರ್ಷ. ರಿಯಾದ್‌ನಲ್ಲಿ ಬಿದ್ದ ಡಿಲಿಯನ್ ವೈಟ್‌ಗೂ 37. ಹೆಸರು ಇನ್ನೂ ಹೊಳೆಯುತ್ತಿರುತ್ತದೆ, ಕಾಲು ಮಾತ್ರ ಸೋತಿರುತ್ತದೆ. ಬೆಳೆಯುವ ಹುಡುಗನ ದಾಖಲೆ ಕಟ್ಟುವವರು ಹುಡುಕುವುದು ಇಂಥ ಎದುರಾಳಿಯನ್ನೇ. ಇದನ್ನು ನಾನು ಮೋಸ ಎನ್ನುವುದಿಲ್ಲ, ಅದು ಆ ಕಸುಬಿನ ರೀತಿ. ಆದರೆ ಆ ಗೆಲುವಿನ ತೂಕವನ್ನು ಹೆಸರಿನಿಂದ ತೂಗುವುದು ನೋಡುವವರ ತಪ್ಪು. ಕೂನಿ ಅದಾದ ಮೇಲೆ 13 ತಿಂಗಳು ಒಂದೂ ಪಂದ್ಯ ಆಡದೆ, 1982ರ ಜೂನ್ 11ರಂದು ಲಾಸ್ ವೇಗಸ್‌ನಲ್ಲಿ ನೇರವಾಗಿ ಚಾಂಪಿಯನ್ ಲ್ಯಾರಿ ಹೋಮ್ಸ್ ಎದುರು ನಿಂತ. ಬಿಳಿಯರ ಆಸೆಯ ಕುಡಿ ಎಂದು ಅವನ ಚರ್ಮದ ಬಣ್ಣವನ್ನೇ ಸರಕು ಮಾಡಿ ಟಿಕೆಟ್ ಮಾರಿದರು. 13ನೇ ಸುತ್ತಿನಲ್ಲಿ ಸೋತ.

ಇಲ್ಲಿ ಜನ ಮರೆಯುವ ಮಾತೊಂದಿದೆ. ಕೂನಿ ಅಂದು ಚೆನ್ನಾಗಿಯೇ ಆಡಿದ. ಆ ಕಾಲದ ಅತ್ಯುತ್ತಮ ಹೆವಿವೇಟ್ ಎದುರು ಹದಿಮೂರನೇ ಸುತ್ತಿನವರೆಗೆ ನಿಲ್ಲುವುದು ಹುಡುಗಾಟವಲ್ಲ. ಅಂದರೆ ಅವನ ಸಾಮರ್ಥ್ಯ ಸುಳ್ಳಾಗಿರಲಿಲ್ಲ; ಆ ಸಾಮರ್ಥ್ಯಕ್ಕೆ ಬೇಕಿದ್ದ ನಡುವಿನ ಐದಾರು ಕಠಿಣ ಪಂದ್ಯಗಳನ್ನು ಅವನಿಗೆ ಯಾರೂ ಕೊಡಲಿಲ್ಲ. ಸೋತ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ರಿಂಗ್ ಹತ್ತಲಿಲ್ಲ. ನನಗೆ ಸಂಕಟವಾಗುವುದು ಅಲ್ಲಿ.

ಹಾಗೆಂದು ಇಟೌಮಾ ಬರೀ ಗಾಳಿ ತುಂಬಿದ ಚೆಂಡು ಎಂದು ನಾನು ಹೇಳಿದೆನೆಂದು ಯಾರೂ ಬರೆದುಕೊಳ್ಳಬೇಡಿ. 2022ರಲ್ಲಿ ವಿಶ್ವ ಯುವ ಬಾಕ್ಸಿಂಗ್ ಚಾಂಪಿಯನ್‌ಷಿಪ್‌ನ ಚಿನ್ನ ಗೆದ್ದವನು ಅವನು. ಪೋಲೆಂಡಿನ ಮಾರಿಯುಷ್ ವಾಖ್ 2012ರಲ್ಲಿ ಆಗಿನ ಚಾಂಪಿಯನ್ ವ್ಲಾದಿಮಿರ್ ಕ್ಲಿಚ್ಕೊ ಎದುರು 12 ಸುತ್ತು ನಿಂತಿದ್ದವನು. ಇಟೌಮಾ ಅವನನ್ನು ಎರಡೇ ಸುತ್ತಿಗೆ ಮುಗಿಸಿದ. ವಾಖ್‌ಗೆ ಆಗ 44 ವರ್ಷವಾಗಿತ್ತು ಎಂಬುದನ್ನು ಕಳೆದ ಮೇಲೂ ಅಲ್ಲಿ ನೋಡಲು ಬಹಳ ಉಳಿಯುತ್ತದೆ. ಅವನ ಪಂದ್ಯ ನೋಡುವಾಗ ದಯವಿಟ್ಟು ಒಮ್ಮೆ ಕೈಗವಸು ಬಿಟ್ಟು ಪಾದ ನೋಡಿ. ಮುಂದಿನ ಬಲಪಾದ ಎದುರಾಳಿಯ ಎಡಪಾದದ ಹೊರಗೆ ಹೋಗಿ ಕೂರುತ್ತದೆ. ಆ ಒಂದು ಗೇಣು ಜಾಗ ಸಿಕ್ಕಿತೆಂದರೆ ಹಿಂದಿನ ಎಡಗೈಗೆ ದಾರಿ ತೆರೆದಂತೆ. ನನ್ನ ಹುಡುಗರಿಗೆ ಆ ಹೆಜ್ಜೆಯನ್ನು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ತಿಂಗಳುಗಟ್ಟಲೆ ಹೇಳಿಕೊಟ್ಟರೂ, ಗುದ್ದು ಬರುವ ಹೊತ್ತಿಗೆ ಮರೆತಿರುತ್ತಾರೆ. ಇಟೌಮಾನ ಕಾಲು ಅದನ್ನು ಮರೆಯುವುದಿಲ್ಲ.

ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳಿಲ್ಲ: ‘ಈ ಹುಡುಗನಿಗೆ ಸರಿಯಾದ ಪೆಟ್ಟು ಬಿದ್ದಾಗ ಏನಾಗುತ್ತದೆ?’ ಕೆಲವು ವರ್ಷಗಳ ಹಿಂದೆ ನನ್ನ ಬಳಿ ಒಬ್ಬ ಹುಡುಗನಿದ್ದ; ಮೊದಲ ಮೂರು ಪಂದ್ಯಗಳನ್ನೂ ಮೊದಲ ಸುತ್ತಿನಲ್ಲೇ ಗೆದ್ದ. ನಾಲ್ಕನೆಯದರಲ್ಲಿ ಮೂಗಿಗೊಂದು ಗುದ್ದು ಬಿತ್ತು. ದೊಡ್ಡ ಗುದ್ದೇನಲ್ಲ. ಅವನು ಎದುರಾಳಿಯನ್ನು ಬಿಟ್ಟು ಕತ್ತು ತಿರುಗಿಸಿ ಮೂಲೆಯಲ್ಲಿದ್ದ ನನ್ನ ಕಡೆ ನೋಡಿದ, ‘ಇದನ್ನು ನೀವು ಹೇಳಿರಲಿಲ್ಲವಲ್ಲ ಸರ್’ ಎಂಬಂತೆ. ಆ ಕಣ್ಣು ನನಗೆ ಇನ್ನೂ ಮರೆತಿಲ್ಲ. ತಪ್ಪು ಅವನದಲ್ಲ, ಸುಲಭದ ಎದುರಾಳಿಗಳನ್ನು ಆರಿಸಿಕೊಟ್ಟಿದ್ದವನು ನಾನು. ಅಂದಿನಿಂದ ಯಾವ ಬಾಕ್ಸರ್‌ನನ್ನು ನೋಡಿದರೂ ನಾನು ಕಾಯುವುದು ಮೊದಲ ನಿಜವಾದ ಪೆಟ್ಟಿನ ನಂತರದ ಅವನ ಕಣ್ಣಿಗಾಗಿ.

ಇಟೌಮಾಗೆ ಈ ವಿಷಯ ಹೊಸದಿರಲಾರದು. 2023ರ ಜನವರಿ 28ರಂದು ಲಂಡನ್‌ನ ವೆಂಬ್ಲಿಯಲ್ಲಿ ಅವನು ತನ್ನ ಮೊದಲ ವೃತ್ತಿಪರ ಪಂದ್ಯವನ್ನು 23 ಸೆಕೆಂಡುಗಳಲ್ಲಿ ಗೆದ್ದ. ಅದೇ ರಾತ್ರಿ, ಅದೇ ರಿಂಗಿನಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಅವನ ಅಣ್ಣ ಕರೋಲ್ ಇಟೌಮಾ, ಎಜೆಕಿಯೆಲ್ ಮಡೆರ್ನಾನ ಗುದ್ದಿಗೆ ಐದನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದು ಸೋತ. ಒಂದೇ ಮನೆಯ ಇಬ್ಬರು, ಒಂದೇ ರಾತ್ರಿ. ನಾನು ಆ ಮನೆಯವನಲ್ಲ, ಅಂದು ಅವರ ನಡುವೆ ಏನು ಮಾತಾಯಿತೋ ಊಹಿಸುವ ಹಕ್ಕು ನನಗಿಲ್ಲ. ಆದರೆ ಹೊಗಳಿಕೆ ಎಷ್ಟು ಬೇಗ ಕೈಬಿಡುತ್ತದೆ ಎಂಬುದನ್ನು ವೃತ್ತಿಯ ಮೊದಲ ದಿನವೇ ಇಷ್ಟು ಹತ್ತಿರದಿಂದ ಕಂಡವರು ವಿರಳ. ಅವನ ಬಗ್ಗೆ ನನಗಿರುವ ಭರವಸೆಗೆ 11 ನಾಕೌಟ್‌ಗಳಿಗಿಂತ ಇದು ದೊಡ್ಡ ಕಾರಣ.

ಇನ್ನು, ಬಿದ್ದೊಡನೆ ಅಬ್ಬರವೆಲ್ಲ ಸುಳ್ಳಾಯಿತು ಎನ್ನುವವರಿಗೂ ಒಂದು ಮಾತು. 2020ರ ನವೆಂಬರ್‌ನಲ್ಲಿ ಬ್ರಿಟನ್ನಿನ ಹೆವಿವೇಟ್ ಡೇನಿಯಲ್ ಡುಬ್ವಾ, ಜೋ ಜಾಯ್ಸ್ ಎದುರು ಕಣ್ಣುಗೂಡಿನ ಮೂಳೆ ಮುರಿದು ಹತ್ತನೇ ಸುತ್ತಿನಲ್ಲಿ ಮಂಡಿಯೂರಿ ಕೂತ. ಹೇಡಿ ಎಂದರು. ನಾಲ್ಕು ವರ್ಷಗಳ ನಂತರ ಅದೇ ಡುಬ್ವಾ ವೆಂಬ್ಲಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಆಂಥೊನಿ ಜೋಶುವಾನನ್ನು ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿದ.

ಅಕ್ಕನ ಮಗನಿಗೆ ಮೊನ್ನೆ ಫೋನ್ ಮಾಡಿ, ಹಬ್ಬದ ದಿನ ರೇಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದು ಹೇಳಿದೆ. ಹೌದು, ಅಲ್ಲ ಎಂಬ ಉತ್ತರ ಕೊಡಲಿಲ್ಲ; ನನಗೆ ಬೇಕಾದ ಪಂದ್ಯದ ಹೆಸರು ಹೇಳಿದೆ. ಇಟೌಮಾ ಎದುರು ಜರ್ಮನಿಯ ಅಗಿಟ್ ಕಬಾಯೆಲ್. ತಲೆಗೇ ಗುರಿಯಿಡದೆ, ಪಕ್ಕೆಗೆ, ಹೊಟ್ಟೆಗೆ ಬಿಡದೆ ಗುದ್ದುತ್ತಾ ಮಖ್ಮುದೋವ್, ಸ್ಯಾಂಚೆಸ್, ಜಾಂಗ್ ಈ ಮೂವರು ದೈತ್ಯರನ್ನು ಸಾಲಾಗಿ ಕೆಡವಿದವನು. ಅವನೆದುರು ಪಂದ್ಯ 119 ಸೆಕೆಂಡುಗಳಲ್ಲಿ ಮುಗಿಯುವ ಮಾತಿಲ್ಲ. ‘ಆ ಪಂದ್ಯ ನಿಗದಿಯಾದರೆ ಬೆಂಗಳೂರಿಗೆ ಬಾ, ರಾತ್ರಿ ಎಷ್ಟು ಹೊತ್ತಾದರೂ ಸರಿ, ಇಬ್ಬರೂ ಕೂತು ನೋಡೋಣ’ ಎಂದೆ. ‘ಐದನೇ ಸುತ್ತಿನ ತನಕ ಏನೂ ಕೇಳಲ್ಲ ಮಾಮ’ ಎಂದು ಮಾತು ಕೊಟ್ಟಿದ್ದಾನೆ.