ಉಪ್ಪುಗಾಳಿಯ ಊರಿನಲ್ಲಿ ಬೈಕಿನ ಚೈನು

ಕಾರವಾರದಲ್ಲಿ ಕಡಲಿಗೆ ಹತ್ತಿರ ಇರುವವರ ಬೈಕಿನ ಚೈನಿಗೆ ಮಳೆಗಾಲವೊಂದೇ ಶತ್ರುವಲ್ಲ. ಗಾಳಿಯಲ್ಲಿರುವ ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಸಿಗೆಯಲ್ಲೂ ಕೊಂಡಿಗಳ ಮೇಲೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ಇದು ಇನ್ನೂ ಹೆಚ್ಚು, ಆದ್ದರಿಂದ 500 ಕಿಲೋಮೀಟರಿಗೊಮ್ಮೆ ಚೈನಿಗೆ ಎಣ್ಣೆ ಹಾಕಬೇಕೆಂಬ ಸಾಮಾನ್ಯ ಲೆಕ್ಕವನ್ನು ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬದಿಗಿಟ್ಟು, ಬೈಕು ನೆನೆದ ದಿನವೇ ಚೈನನ್ನು ಒರೆಸಿ ಎಣ್ಣೆ ಹಾಕುತ್ತೇನೆ. ಇಂಜಿನ್ ಆರಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಸೀಮೆಎಣ್ಣೆಯಲ್ಲಿ ಅದ್ದಿದ ಮೃದುವಾದ ಬ್ರಷ್‌ನಿಂದ ಕೊಳೆ ತೆಗೆದು, ಬಟ್ಟೆಯಿಂದ ಒರೆಸಿದ ಮೇಲೆ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಚೈನಿನ ಒಳಮೈಗೆ 90ರ (SAE 90 ದರ್ಜೆಯ, ದಪ್ಪನೆಯ) ಗೇರ್ ಆಯಿಲ್ ಬಿಡಬೇಕು. ಅದು ರೋಲರುಗಳ ಸಂದಿಗೆ ತಾನಾಗಿ ಇಳಿಯುತ್ತದೆ. ತೆಂಗಿನೆಣ್ಣೆ ಸವರುವವರನ್ನೂ ಕಂಡಿದ್ದೇನೆ, ಅದು ತಲೆಗೇ ಸರಿ. ಹೆಚ್ಚಾದ ಎಣ್ಣೆಯನ್ನು ಒರೆಸದೆ ಬಿಟ್ಟರೆ ಕಡಲತೀರದ ಮರಳೆಲ್ಲ ಅದಕ್ಕೆ ಅಂಟಿಕೊಂಡು ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರದ) ಹಲ್ಲುಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ.