ಕಹಳೆ ಕಳೆದದ್ದು ಯಾರು?

ನವೆಂಬರ್ 23, 2024, ಶನಿವಾರ
ಕ್ರಾಕುವ್

ಇವತ್ತು ಸಂಜೆ 'ವೆಸೆಲೆ' ನಾಟಕದ ಓದಿಗೆ ಹೋಗಿದ್ದೆ. ವೆಸೆಲೆ ಅಂದ್ರೆ ಮದುವೆ. ಬರೆದವನು ಪೋಲೆಂಡಿನ ನಾಟಕಕಾರ ಸ್ತಾನಿಸ್ವಾವ್ ವಿಸ್ಪ್ಯಾನ್ಸ್ಕಿ. ಇಂಗ್ಲಿಷ್ ಅನುವಾದವನ್ನು ಓದಿದರು, ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ನಮ್ಮಂಥವರಿಗಾಗಿ. ವೇಷವಿಲ್ಲ, ಸೆಟ್ ಇಲ್ಲ. ಸಾಲಾಗಿ ಕುರ್ಚಿಗಳು, ಎಲ್ಲರ ಕೈಯಲ್ಲೂ ಹಾಳೆಗಳು. ಮೂವತ್ತಕ್ಕೂ ಜಾಸ್ತಿ ಪಾತ್ರಗಳನ್ನು ಎಂಟೇ ಜನ ಹಂಚಿಕೊಂಡಿದ್ದರು. ಮೊದಲ ಅಂಕದಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯದೆ ಒದ್ದಾಡಿದೆ.

ಇದು ನಿಜವಾಗಿ ನಡೆದ ಮದುವೆ. 1900ರ ನವೆಂಬರ್ 20ರಂದು ಪೇಟೆಯ ಕವಿ ಲೂತ್ಸಿಯಾನ್ ರಿದೆಲ್ ರೈತರ ಮನೆಯ ಯಾದ್ವಿಗಾಳ ಕೈ ಹಿಡಿದ. ಔತಣ ಊರಾಚೆಯ ಬ್ರೊನೊವಿತ್ಸೆ ಹಳ್ಳಿಯಲ್ಲಿ, ಚಿತ್ರಕಾರ ತೆತ್ಮಾಯೆರ್ ಮನೆಯಲ್ಲಿ. ವಿಸ್ಪ್ಯಾನ್ಸ್ಕಿಯೂ ಬಂದಿದ್ದ. ರಾತ್ರಿಯೆಲ್ಲ ಬಾಗಿಲಿಗೆ ಒರಗಿಕೊಂಡು ನೋಡುತ್ತಾ ನಿಂತಿದ್ದನಂತೆ. 1901ರ ಮಾರ್ಚ್ 16ಕ್ಕೆ ಕ್ರಾಕುವ್‌ನಲ್ಲಿ ನಾಟಕ ರಂಗಕ್ಕೆ ಬಂದೇ ಬಿಟ್ಟಿತು. ಕರೆದು ಊಟ ಹಾಕಿದವರು ತಮ್ಮನ್ನೇ ವೇದಿಕೆಯ ಮೇಲೆ ನೋಡಬೇಕಾಯಿತು. ಪಾಪ.

ಆಗ ಪೋಲೆಂಡ್ ಅನ್ನೋ ದೇಶವೇ ನಕಾಶೆಯಲ್ಲಿರಲಿಲ್ಲ. 1795ರಲ್ಲೇ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಪೂರ್ತಿ ಹಂಚಿಕೊಂಡಿದ್ದವು. ಕ್ರಾಕುವ್ ಆಸ್ಟ್ರಿಯಾದ ಕೈಯಲ್ಲಿತ್ತು. ಹಳ್ಳಿಯ ರೈತರೇ ದೇಶದ ಜೀವ, ಅವರೂ ನಾವೂ ಕೈ ಜೋಡಿಸಿದರೆ ಸ್ವಾತಂತ್ರ್ಯ ಬಂದ ಹಾಗೇ ಅನ್ನೋದು ಪೇಟೆಯ ವಿದ್ಯಾವಂತರ ಹುಚ್ಚು. ಅದಕ್ಕೇ ಇಂಥ ಮದುವೆಗಳು. ವಿಸ್ಪ್ಯಾನ್ಸ್ಕಿಯ ಹೆಂಡತಿಯೂ ರೈತರ ಮನೆಯವಳೇ. ಹಾಗಾಗಿ ಇದು ದೂರ ನಿಂತು ಮಾಡಿದ ಗೇಲಿ ಅಲ್ಲ.

ಮೊದಲ ಅಂಕದಲ್ಲಿ ಮದುಮಗ ಮಾತಿನ ನಡುವೆ ಹೇಳುತ್ತಾನೆ: ನಮ್ಮ ತಾತನನ್ನು ಗರಗಸದಲ್ಲಿ ಕೊಯ್ದರು, ನಾವು ಅದನ್ನೆಲ್ಲ ಮರೆತಿದ್ದೇವೆ. 1846ರಲ್ಲಿ ಇದೇ ಗಲೀಷಿಯಾದ, ಅಂದ್ರೆ ಆಸ್ಟ್ರಿಯಾದ ಪಾಲಿಗೆ ಬಂದಿದ್ದ ಸೀಮೆಯ, ರೈತರು ಜಮೀನ್ದಾರರ ಮನೆಗಳಿಗೆ ನುಗ್ಗಿದ್ದರು. ಸತ್ತವರು ಸಾವಿರದ ಹತ್ತಿರ. ಮದುಮಗನ ಪಾತ್ರ ಓದಿದ ಹುಡುಗ ಈ ಸಾಲನ್ನು ಪಕ್ಕದವನಿಗೆ ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿ ಮುಂದೆ ಹೋದ. ಅದೇ ಸರಿ ಅನ್ನಿಸಿತು. ಮರೆತೆ ಅಂತ ಬಾಯಿಬಿಟ್ಟು ಹೇಳುವವನು ಮರೆತಿರಲ್ಲ, ಅಲ್ವಾ? ನಡುರಾತ್ರಿ ದೆವ್ವಗಳು ಬರುತ್ತವೆ. ಪತ್ರಕರ್ತನ ಎದುರು ಹಳೇ ರಾಜರ ಆಸ್ಥಾನದ ವಿದೂಷಕ ಸ್ತಾಂಚಿಕ್. ಭಿಕ್ಷುಕನ ಎದುರು 1846ರ ದಂಗೆಯ ಮುಂದಾಳು ಯಾಕುಬ್ ಶೆಲಾ, ಮೈಯೆಲ್ಲ ರಕ್ತ. ತೊಳೆದುಕೊಳ್ಳೋಕೆ ಒಂದು ಬಕೆಟ್ ನೀರು ಕೇಳುತ್ತಾನೆ, ಆಮೇಲೆ ಮದುವೆಗೂ ಬರ್ತೀನಿ ಅಂತಾನೆ.

ಕೊನೆಗೆ ಮುದುಕ ವೆರ್ನಿಹೋರಾ ಬರುತ್ತಾನೆ, ಉಕ್ರೇನಿನ ಗಾಯಕ, ಕಾಲಜ್ಞಾನಿ. ಮನೆಯ ಯಜಮಾನನಿಗೆ ಚಿನ್ನದ ಕಹಳೆ ಕೊಟ್ಟು, ಜನರನ್ನು ಸೇರಿಸು ಅಂತ ಅಪ್ಪಣೆ ಮಾಡುತ್ತಾನೆ. ಯಜಮಾನ ಅದನ್ನು ಯಾಶೆಕ್ ಅನ್ನೋ ಹುಡುಗನ ಕೈಗೆ ಕೊಟ್ಟು ಓಡಿಸಿ ಮಲಗಿಬಿಡುತ್ತಾನೆ. ಎದ್ದಾಗ ಯಾರು ಬಂದಿದ್ದರು ಅನ್ನೋದೇ ನೆನಪಿಲ್ಲ! ವೆರ್ನಿಹೋರಾನ ಕುದುರೆಯಿಂದ ಬಿದ್ದ ಚಿನ್ನದ ಲಾಳವನ್ನು ಯಜಮಾನನ ಹೆಂಡತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಅದೃಷ್ಟವನ್ನು ಕಾಪಾಡಿಕೊಳ್ಳಬೇಕಲ್ಲ. ಯಾಶೆಕ್ ದಾರಿಯಲ್ಲಿ ನವಿಲುಗರಿಯ ಟೋಪಿ ಎತ್ತಿಕೊಳ್ಳೋಕೆ ಬಗ್ಗಿ ಕಹಳೆ ಕಳೆದುಕೊಳ್ಳುತ್ತಾನೆ. ಉಳಿದದ್ದು ಅದರ ದಾರ ಮಾತ್ರ. ಬೆಳಗ್ಗೆ ಕುಡುಗೋಲು ಹಿಡಿದ ರೈತರೂ ಪೇಟೆಯ ನೆಂಟರೂ ಕಿವಿಗೊಟ್ಟು ಕಲ್ಲಾಗಿ ನಿಂತಿರುತ್ತಾರೆ. ಚಳಿಗೆ ಒಣಹುಲ್ಲು ಸುತ್ತಿದ ಗುಲಾಬಿ ಗಿಡ ಎದ್ದು ಬಂದು ಪಿಟೀಲು ನುಡಿಸುತ್ತದೆ. ಎಲ್ಲರೂ ನಿದ್ದೆಗಣ್ಣಲ್ಲಿ ಸುತ್ತುತ್ತಾರೆ.

ಓದಿನಲ್ಲಿ ಈ ಕುಣಿತವನ್ನು ಹೇಗೆ ಮಾಡ್ತಾರೆ ಅಂತ ಕುತೂಹಲವಿತ್ತು. ಅವರು ಮಾಡಲೇ ಇಲ್ಲ. ಹಾಳೆ ಮಡಿಲಲ್ಲಿಟ್ಟು ಸುಮ್ನೆ ಕೂತರು. ರಂಗಸೂಚನೆ ಓದುವ ಹೆಂಗಸೊಬ್ಬಳದೇ ದನಿ. ಪೂರ್ತಿ ಪ್ರದರ್ಶನವಾಗಿದ್ದರೆ ಸಂಗೀತ ನನ್ನನ್ನೂ ಎಳೆದುಕೊಂಡು ಹೋಗುತ್ತಿತ್ತು, ಚಪ್ಪಾಳೆ ತಟ್ಟಿ ಎದ್ದು ಬರುತ್ತಿದ್ದೆ. ಇಲ್ಲಿ ಹಾಗಾಗಲಿಲ್ಲ. ಎಂಟು ಜನ ಏನೂ ಮಾಡದೆ ಕೂತಿದ್ದನ್ನು ನೋಡುತ್ತಾ ಮೈ ಹಿಡಿಯಾಯಿತು.

ಆಮೇಲೆ ಹೊರಗೆ ಚಹಾ ಕುಡಿಯುವಾಗ ಆಫೀಸಿನ ಪೋಲಿಷ್ ಗೆಳತಿಯ ಜೊತೆ ವಾದವೇ ಆಯಿತು. 'ನಿನ್ನ ಕೈಯಲ್ಲಿ ಚಿನ್ನದ ಕಹಳೆ ಇತ್ತಲ್ಲೋ ಗಮಾರ' ಅಂತ ಯಾಶೆಕ್‌ನನ್ನು ಬೈಯೋ ನಾಟಕದ ಹಾಡಿನ ಸಾಲು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಒಳ್ಳೇ ಅವಕಾಶ ಕಳೆದುಕೊಂಡವರಿಗೆ ಈಗಲೂ ಹೀಗೇ ಚುಚ್ಚುತ್ತಾರಂತೆ. ನಂಗೆ ಅದೇ ತಕರಾರು. ಕಹಳೆ ಸಿಕ್ಕಿದ್ದು ಯಜಮಾನನಿಗೆ. ನಿದ್ದೆ ಹೋದವನು ಅವನು. ನೂರಿಪ್ಪತ್ತು ವರ್ಷದಿಂದ ಬೈಗುಳ ತಿನ್ನುತ್ತಿರೋದು ಮಾತ್ರ ಹಳ್ಳಿಯ ಹುಡುಗ. ದೇಶದ ಬಗ್ಗೆ ಜನ ಕಟ್ಟಿಕೊಂಡ ಕಥೆಗಳನ್ನು ಒಡೆಯೋಕೆ ಬರೆದ ನಾಟಕದಿಂದಲೇ ಇನ್ನೊಂದು ಅನುಕೂಲದ ಕಥೆ ಹುಟ್ಟಿತಲ್ಲ!

"ಟೋಪಿಗೆ ಆಸೆಪಟ್ಟದ್ದು ಅವನೇ ತಾನೇ?" ಅಂದಳು.

"ಒಂದು ಮಾತಿಗೆ ಹೇಳ್ತೀನಿ, ಅಷ್ಟು ಮುಖ್ಯವಾದ ಕೆಲಸ ಅಂತ ಅವನಿಗೆ ಯಾರಾದರೂ ಬಿಡಿಸಿ ಹೇಳಿದ್ರಾ?"

ಅವಳು ಒಪ್ಪಲಿಲ್ಲ. ಆ ಬ್ರೊನೊವಿತ್ಸೆ ಮನೆ ಈಗ ಮ್ಯೂಸಿಯಂ. ಮುಂದಿನ ಭಾನುವಾರ ಟ್ರಾಮ್ ಹಿಡಿದು ಹೋಗೋಣ, ಜಗಳವನ್ನು ಅಲ್ಲೇ ಮುಂದುವರಿಸೋಣ ಅಂದಿದ್ದಾಳೆ.