ಕಾವು ಕೋಳಿಗೆ ಮೊಟ್ಟೆ ಇಡುವ ಮುನ್ನ

ಮರಿಯಾಗದೆ ಹೋದರೆ ಎಲ್ಲರೂ ಬೈಯುವುದು ಹೇಂಟೆಯನ್ನು. ತಪ್ಪು ಬಹಳ ಸಲ ಮೊಟ್ಟೆ ಆರಿಸಿದವರದೇ ಇರುತ್ತದೆ.

ಮೊದಲು ಹೇಂಟೆಗೆ ನಿಜವಾಗಿ ಕಾವು ಬಂದಿದೆಯೇ ನೋಡಿ. ಕಾವು ಬಂದದ್ದು ರಾತ್ರಿಯೂ ಗೂಡು ಬಿಡುವುದಿಲ್ಲ. ಕೈ ಚಾಚಿದರೆ ಗರಿ ಕೆದರಿ ಗುರುಗುಟ್ಟುತ್ತದೆ, ಕುಕ್ಕುತ್ತದೆ. ಎದೆಯಡಿ ಬೆರಳಾಡಿಸಿದರೆ ಪುಕ್ಕ ಉದುರಿದ ಬರಿ ಚರ್ಮ ಬಿಸಿಬಿಸಿಯಾಗಿ ತಾಗುತ್ತದೆ. ಮೊಟ್ಟೆಗೆ ಶಾಖ ಹೋಗುವುದು ಆ ಚರ್ಮದಿಂದ. ಎರಡು ಮೂರು ರಾತ್ರಿ ಬಿಡದೆ ಕೂತಿದ್ದರೆ ನಂಬಬಹುದು. ಅಲ್ಲಿಯವರೆಗೆ ಒಂದೆರಡು ಹುಸಿ ಮೊಟ್ಟೆ ಇಟ್ಟಿರಿ.

ಹುಂಜದ ಜೊತೆಗಿದ್ದ ಹೇಂಟೆಯ ಮೊಟ್ಟೆಯೇ ಬೇಕು, ಅದೂ ಇಟ್ಟು ಏಳು ದಿನ ದಾಟಿರಬಾರದು. ಫ್ರಿಜ್ಜಿನಲ್ಲಲ್ಲ, ತಂಪು ಜಾಗದಲ್ಲಿ ಚೂಪು ತುದಿ ಕೆಳಗಾಗಿ ಇಟ್ಟಿರಬೇಕು. ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಲೇಪ ಹೋದರೆ ಸಣ್ಣ ರಂಧ್ರಗಳಲ್ಲಿ ರೋಗಾಣು ಒಳಗಿಳಿಯುತ್ತವೆ. ಹತ್ತು ಹನ್ನೆರಡು ಮೊಟ್ಟೆ ಸಾಕು. ಹದಿನೈದು ಇಟ್ಟರೆ ಮೂರು ಕೆಡುತ್ತವೆ ಅಷ್ಟೇ ಅಂದುಕೊಳ್ಳುತ್ತೇವೆ, ಆದರೆ ಹೇಂಟೆ ದಿನವೂ ಮೊಟ್ಟೆಗಳ ಜಾಗ ಬದಲಿಸುತ್ತದೆ: ಇವತ್ತು ಅಂಚಿನಲ್ಲಿ ತಣ್ಣಗಾದದ್ದು ನಾಳೆ ನಡುವೆ, ನಡುವಿನದು ಅಂಚಿಗೆ. ಸರದಿಯಂತೆ ಎಲ್ಲಕ್ಕೂ ಪೆಟ್ಟು.

ಎಲ್ಲವನ್ನೂ ಒಂದೇ ರಾತ್ರಿ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬೇರೆ ಹೇಂಟೆ ಬಂದು ಅದೇ ಗೂಡಿನಲ್ಲಿ ಮೊಟ್ಟೆಯಿಟ್ಟರೆ ಗುರುತಿಲ್ಲದ್ದನ್ನು ಅಂದೇ ತೆಗೆಯಿರಿ. ಮರಿಗಳು ಹೊರಬಂದ ಒಂದೆರಡು ದಿನಕ್ಕೆ ತಾಯಿ ಅವನ್ನು ಕರೆದುಕೊಂಡು ಎದ್ದುಬಿಡುತ್ತದೆ, ಹಿಂದುಳಿದ ಮೊಟ್ಟೆ ತಣ್ಣಗಾಗಿ ಸಾಯುತ್ತದೆ.

ಗೂಡು ಮಬ್ಬುಗತ್ತಲ ಮೂಲೆಯಲ್ಲಿರಲಿ. ಬುಟ್ಟಿಯ ತಳಕ್ಕೆ ಒಣಮಣ್ಣು, ಮೇಲೆ ಹುಲ್ಲು, ನಡುವೆ ಸಣ್ಣ ತಗ್ಗು. ಹೇಂಟೆ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ತಿಂದು, ಕುಡಿದು, ದೊಡ್ಡದೊಂದು ಗಬ್ಬು ಪಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಿ ವಾಪಸಾಗುತ್ತದೆ. ಆಗ ಅಟ್ಟಬೇಡಿ. ಎದ್ದೇ ಬರದಿದ್ದರೆ ಮಾತ್ರ ನೀವೇ ಎತ್ತಿ ಇಳಿಸಿ. ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯೇ ಮೊದಲು ತಡವಿ ನೋಡಿ. ಗೂಡಿನಲ್ಲಿ ಹೇನು ತುಂಬಿದರೆ ಎಂಥ ಹೇಂಟೆಯೂ ಕಾವು ಬಿಟ್ಟು ಓಡುತ್ತದೆ.

ಏಳನೆಯ ದಿನ ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಜೇಡನ ಕಾಲಿನಂತೆ ಹರಡಿದ ಕೆಂಪು ನರ, ನಡುವೆ ಕಪ್ಪು ಚುಕ್ಕೆ ಕಂಡರೆ ಜೀವ ಇದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಫಲಿಸಿಲ್ಲ. ಬರಿ ಕೆಂಪು ಬಳೆ ಕಂಡರೆ ಒಳಗಿನದು ಸತ್ತಿದೆ. ಇವೆರಡನ್ನೂ ತೆಗೆದುಬಿಡಿ, ಕೊಳೆತ ಮೊಟ್ಟೆ ಒಡೆದರೆ ಪಕ್ಕದವೂ ಹಾಳು.

18ನೆಯ ದಿನದ ನಂತರ ಗೂಡು ಮುಟ್ಟಬೇಡಿ. 20ನೆಯ ದಿನದ ಸುಮಾರಿಗೆ ಚಿಪ್ಪಿನೊಳಗಿಂದಲೇ ಚಿಂವ್ ಕೇಳುತ್ತದೆ, ತಾಯಿ ಸಣ್ಣಗೆ ಕುಕ್ ಎಂದು ಓಗೊಡುತ್ತದೆ. ಕೊಕ್ಕಿನ ತುದಿಯ ಮುಳ್ಳಿನಂಥ ಗಂಟಿನಿಂದ ಮರಿ ಒಂದು ತೂತು ಮಾಡಿ, ಆಮೇಲೆ ಗಂಟೆಗಟ್ಟಲೆ ಸುಮ್ಮನಾಗುತ್ತದೆ. ಕೈ ತುರಿಸುವುದು ಆಗಲೇ! ಒಡೆದು ಬಿಡಿಸಬೇಡಿ. ಆ ಹೊತ್ತಿನಲ್ಲಿ ಪೊರೆಯ ನರಗಳ ರಕ್ತ ಮೈಗೆ ಹೋಗುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಸೇರುತ್ತಿರುತ್ತದೆ. ಅವಸರಕ್ಕೆ ಚಿಪ್ಪು ಕಿತ್ತರೆ ರಕ್ತ ಸೋರುತ್ತದೆ. ತೂತು ಬಿದ್ದು 24 ಗಂಟೆ ಹಿಡಿದರೂ ಗಾಬರಿ ಬೇಡ.

ಆ ಹಳದಿಯಿಂದಲೇ ಮರಿ ಎರಡು ದಿನ ಹಸಿವಿಲ್ಲದೆ ಇರಬಲ್ಲದು. ಆಮೇಲೆ ಮರಿಗಳಿಗೆಂದೇ ಮಾಡಿದ ಪುಡಿ ಆಹಾರ ಕೊಡಿ, ಮೊಟ್ಟೆ ಕೋಳಿಯ ಆಹಾರವಲ್ಲ. ಅದರ ಸುಣ್ಣದಂಶ ಮರಿಯ ಮೂತ್ರಪಿಂಡಕ್ಕೆ ಹೊರೆ. ನೀರಿನ ತಟ್ಟೆ ತೆಳ್ಳಗಿರಲಿ, ಒಳಗೆ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮುಳುಗುತ್ತವೆ. ನೆಲ ಒದ್ದೆಯಾದರೆ ರಕ್ತಭೇದಿ ಬರುತ್ತದೆ: ಪಿಕ್ಕೆಯಲ್ಲಿ ಕೆಂಪು, ರೆಕ್ಕೆ ಜೋತು, ತೂಕಡಿಕೆ. ಕಂಡ ದಿನವೇ ಪಶುವೈದ್ಯರಲ್ಲಿಗೆ ಹೋಗಿ.

ಉಳಿದದ್ದನ್ನು ತಾಯಿಯೇ ನೋಡಿಕೊಳ್ಳುತ್ತದೆ. ಕಾಳೊಂದನ್ನು ಎತ್ತಿ, ಕೆಳಗೆ ಬಿಟ್ಟು, ಕುಕ್ ಕುಕ್ ಎನ್ನುತ್ತ ತಿನ್ನುವುದನ್ನು ಕಲಿಸುತ್ತದೆ. ಆರೆಂಟು ವಾರ ಕಳೆದ ಮೇಲೆ ಅದೇ ಮರಿ ಕಾಳಿಗೆ ಬಂದರೆ ತಲೆಗೆ ಕುಕ್ಕಿ ಅಟ್ಟುತ್ತದೆ, ಮತ್ತೆ ಮೊಟ್ಟೆಯಿಡಲು ಶುರುಮಾಡುತ್ತದೆ.